ನೋವಿನ ಗುಳಿಗೆಯೂ ಹೃದಯವೂ

ತಲೆನೋವು, ಹಲ್ಲುನೋವು, ಮಂಡಿನೋವುಗಳಲ್ಲಿ ಯಾವುದೊಂದನ್ನೂ ಅನುಭವಿಸದ ಮನುಷ್ಯನು ಇರಲಾರನು. ದಿನವಿಡೀ ಬಾಗಿ ನಾಟಿ ಮಾಡುವವರ ಸೊಂಟ, ಮೂಟೆ ಹೊರುವವರ ಹೆಗಲು, ವೃದ್ಧರ ಕೀಲುಗಳು ನೋವಿಗೆ ತವರುಮನೆಗಳು. ನೋವು ಬಂದಾಗ ಸಮೀಪದ ಔಷಧದ ಅಂಗಡಿಯಲ್ಲಿ ಒಂದು ಗುಳಿಗೆಯನ್ನು ಕೊಂಡು ನುಂಗುವುದು ಇಂದು ಸರ್ವಸಾಮಾನ್ಯವಾದ ವಾಡಿಕೆ. ಸ್ವಲ್ಪ ಹೊತ್ತಿನಲ್ಲಿಯೇ ನೋವು ತಗ್ಗುತ್ತದೆ. ನಿಂತ ಕೆಲಸವು ಮುಂದುವರಿಯುತ್ತದೆ. ಆದರೆ ಮಂಡಿಯ ನೋವಿಗೆಂದು ನುಂಗಿದ ಗುಳಿಗೆಯು ಮಂಡಿಗಷ್ಟೇ ಹೋಗುವುದಿಲ್ಲ. ಅದು ರಕ್ತದಲ್ಲಿ ಬೆರೆತು ಜಠರ, ಮೂತ್ರಪಿಂಡ, ಹೃದಯ ಮೊದಲಾದ ಎಲ್ಲ ಅಂಗಗಳನ್ನೂ ಮುಟ್ಟುತ್ತದೆ. ಅಲ್ಲಿ ಅದು ಮಾಡುವ ಕಾರ್ಯವೇನೆಂಬುದನ್ನು ತಿಳಿಯಲು ವಿಜ್ಞಾನಿಗಳಿಗೆ ಬಹುಕಾಲ ಹಿಡಿಯಿತು.

ಈ ಔಷಧಗಳ ಚರಿತ್ರೆಯು ಒಂದು ಮರದ ತೊಗಟೆಯಿಂದ ಆರಂಭವಾಗುತ್ತದೆ. ವಿಲೋ ಮರದ ತೊಗಟೆಯ ಪುಡಿಯು ಜ್ವರವನ್ನು ಇಳಿಸುತ್ತದೆಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ರಾಯಲ್ ಸೊಸೈಟಿಗೆ ತಿಳಿಸಿದನು. 1897ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಲ್ಲಿ ಫೆಲಿಕ್ಸ್ ಹಾಫ್‌ಮನ್ ಎಂಬ ರಸಾಯನವಿಜ್ಞಾನಿಯು ತೊಗಟೆಯ ಸತ್ವಕ್ಕೆ ಸಮೀಪದ ಒಂದು ವಸ್ತುವನ್ನು ಶುದ್ಧರೂಪದಲ್ಲಿ ತಯಾರಿಸಿದನು. ಎರಡು ವರ್ಷಗಳ ತರುವಾಯ ಅದು ಆಸ್ಪಿರಿನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 1960ರ ದಶಕದಲ್ಲಿ ಸ್ಟುವರ್ಟ್ ಆಡಮ್ಸ್ ಮತ್ತು ಆತನ ಸಂಗಡಿಗರ ಶ್ರಮದಿಂದ ಐಬುಪ್ರೊಫೆನ್ ಹುಟ್ಟಿತು. ಅನಂತರ ನೆಪ್ರಾಕ್ಸೆನ್, ಡೈಕ್ಲೋಫೆನಾಕ್ ಮೊದಲಾದುವು ಬಳಕೆಗೆ ಬಂದುವು. ಸ್ಟೀರಾಯ್ಡ್ ಗುಂಪಿಗೆ ಸೇರದೆ ಉರಿಯೂತವನ್ನು ತಗ್ಗಿಸುವುದರಿಂದ ಇವನ್ನು ಸ್ಟೀರಾಯ್ಡೇತರ ಉರಿಯೂತ ನಿವಾರಕಗಳೆಂದು ಕರೆಯುತ್ತಾರೆ.

ಇವು ನೋವನ್ನು ತಗ್ಗಿಸುವ ಬಗೆ ಹೇಗೆ? ದೇಹದ ಒಂದು ಭಾಗಕ್ಕೆ ಪೆಟ್ಟು ಬಿದ್ದಾಗ ಅಲ್ಲಿನ ಜೀವಕೋಶಗಳು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ವಸ್ತುಗಳನ್ನು ಉತ್ಪಾದಿಸುತ್ತವೆ. ಇವುಗಳ ದೆಸೆಯಿಂದ ಆ ಭಾಗವು ಕೆಂಪೇರಿ, ಬಿಸಿಯಾಗಿ, ಬಾತು ನೋಯುತ್ತದೆ. ಇದೇ ಉರಿಯೂತ. ಪ್ರೋಸ್ಟಗ್ಲಾಂಡಿನ್‌ಗಳು ಉತ್ಪತ್ತಿಯಾಗಬೇಕಾದರೆ ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವು ಅವಶ್ಯಕ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಈ ಉತ್ಪಾದನೆಯನ್ನೇ ತಡೆಯುತ್ತವೆಂದು 1971ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟನು. ಪ್ರೋಸ್ಟಗ್ಲಾಂಡಿನ್‌ಗಳ ಸಂಶೋಧನೆಗಾಗಿ 1982ರ ನೊಬೆಲ್ ಪಾರಿತೋಷಕವು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳೊಡನೆ ಆತನಿಗೂ ದೊರೆಯಿತು.

ಈ ಕಿಣ್ವವು ನೋವನ್ನು ಮಾತ್ರ ಉಂಟುಮಾಡುವಂತಿದ್ದರೆ ಯಾವ ತೊಡಕೂ ಇರುತ್ತಿರಲಿಲ್ಲ. ಆದರೆ ಅದಕ್ಕೆ ಬೇರೆ ಹೊಣೆಗಳೂ ಉಂಟು. ಗಾಯವಾದಾಗ ರಕ್ತವು ಹೆಪ್ಪುಗಟ್ಟಬೇಕು. ನಾಳಗಳೊಳಗೆ ಹರಿಯುವಾಗ ಹೆಪ್ಪುಗಟ್ಟಬಾರದು. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ತಯಾರಿಸಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಕ್ತನಾಳದ ಒಳಪದರವಾದರೋ ಪ್ರೋಸ್ಟಾಸೈಕ್ಲಿನ್ ಎಂಬ ವಸ್ತುವನ್ನು ಸ್ರವಿಸಿ ಅವು ಅಂಟಿಕೊಳ್ಳದಂತೆ ತಡೆಯುತ್ತದೆ, ನಾಳವನ್ನೂ ಹಿಗ್ಗಿಸುತ್ತದೆ. ಹೀಗೆ ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ.

1990ರ ದಶಕದ ಆರಂಭದಲ್ಲಿ ಸೈಕ್ಲೋಆಕ್ಸಿಜನೇಸ್ ಒಂದಲ್ಲ, ಎರಡು ಬಗೆಯದೆಂದು ತಿಳಿದುಬಂದಿತು. ಮೊದಲನೆಯದು ಜಠರದ ಒಳಪದರವನ್ನು ಕಾಯುತ್ತದೆ, ಪ್ಲೇಟ್‌ಲೆಟ್‌ಗಳಲ್ಲಿರುವುದೂ ಅದೇ. ಎರಡನೆಯದು ಮುಖ್ಯವಾಗಿ ಉರಿಯೂತದ ಸ್ಥಳದಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಗುಳಿಗೆಗಳು ಎರಡನ್ನೂ ತಡೆಯುತ್ತಿದ್ದುದರಿಂದ ಜಠರದಲ್ಲಿ ಹುಣ್ಣು, ರಕ್ತಸ್ರಾವಗಳು ಉಂಟಾಗುತ್ತಿದ್ದುವು. ಎರಡನೆಯದನ್ನು ಮಾತ್ರ ತಡೆದರೆ ಜಠರಕ್ಕೆ ನೋವಾಗದಂತೆ ನೋವನ್ನು ನೀಗಬಹುದಲ್ಲವೆ? ಈ ಆಶಯದಿಂದ ಅಮೆರಿಕದ ಮರ್ಕ್ ಸಂಸ್ಥೆಯು 1999ರಲ್ಲಿ ರೋಫೆಕಾಕ್ಸಿಬ್ ಎಂಬ ಔಷಧವನ್ನು ಮಾರುಕಟ್ಟೆಗೆ ತಂದಿತು. ಆದರೆ ರಕ್ತನಾಳಗಳನ್ನು ಕಾಯುವ ಪ್ರೋಸ್ಟಾಸೈಕ್ಲಿನ್ ಬಹುಮಟ್ಟಿಗೆ ಎರಡನೆಯ ಕಿಣ್ವದಿಂದಲೇ ಬರುತ್ತದೆ. ಅದನ್ನು ಅಡಗಿಸಿ ಥ್ರಾಂಬಾಕ್ಸೇನನ್ನು ಹಾಗೆಯೇ ಬಿಟ್ಟಾಗ ತಕ್ಕಡಿಯು ಒಂದು ಕಡೆಗೆ ವಾಲಿತು.

2000ದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸಂಧಿವಾತ ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತು. ನೆಪ್ರಾಕ್ಸೆನ್ ಸೇವಿಸಿದವರಿಗಿಂತ ರೋಫೆಕಾಕ್ಸಿಬ್ ಸೇವಿಸಿದವರಲ್ಲಿ ಹೃದಯಾಘಾತವು ಹೆಚ್ಚಾಗಿ ಕಂಡುಬಂದಿತ್ತು. ನೆಪ್ರಾಕ್ಸೆನ್ ಹೃದಯವನ್ನು ರಕ್ಷಿಸುತ್ತಿರಬಹುದೆಂದು ತಯಾರಕರು ಸಮಾಧಾನ ಹೇಳಿದರು, ಮಾರಾಟವು ಮುಂದುವರಿಯಿತು. ಮತ್ತೊಂದು ಪರೀಕ್ಷೆಯಲ್ಲಿ ಕೆಲವರಿಗೆ ರೋಫೆಕಾಕ್ಸಿಬ್ ಕೊಟ್ಟು, ಉಳಿದವರಿಗೆ ಔಷಧವೇ ಇಲ್ಲದ ಹುಸಿಗುಳಿಗೆಯನ್ನು ಕೊಡಲಾಯಿತು. ಔಷಧ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂತಹ ವಿಪತ್ತುಗಳು ಸುಮಾರು ಇಮ್ಮಡಿಯಾದುವು. ಸಂದೇಹಕ್ಕೆ ಎಡೆಯುಳಿಯಲಿಲ್ಲ. 2004ರ ಸೆಪ್ಟೆಂಬರ್ 30ರಂದು ಮರ್ಕ್ ಸಂಸ್ಥೆಯು ಆ ಔಷಧವನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನರು ಅದನ್ನು ಸೇವಿಸಿದ್ದರು.

ಹೊಸ ಔಷಧದಲ್ಲಿ ಕಂಡ ದೋಷವು ಹಳೆಯವುಗಳಲ್ಲಿಯೂ ಇರಬಹುದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 2013ರಲ್ಲಿ ನೂರಾರು ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಲಾಯಿತು. ಡೈಕ್ಲೋಫೆನಾಕನ್ನು ದಿನಕ್ಕೆ 150 ಮಿಲಿಗ್ರಾಮಿನಂತೆ ಒಂದು ವರ್ಷ ಸೇವಿಸಿದ ಪ್ರತಿ 1000 ಮಂದಿಯಲ್ಲಿ ಸುಮಾರು ಮೂವರಿಗೆ ಹೆಚ್ಚಾಗಿ ಹೃದಯ ಅಥವಾ ರಕ್ತನಾಳಗಳ ವಿಪತ್ತು ಒದಗುತ್ತದೆ. ಅವರಲ್ಲಿ ಒಬ್ಬರು ಸಾಯುತ್ತಾರೆ. ಹೆಚ್ಚಿನ ಪ್ರಮಾಣದ ಐಬುಪ್ರೊಫೆನ್ ಕೂಡ ಹೃದಯಾಘಾತದ ಸಂಭವವನ್ನು ಹೆಚ್ಚಿಸುತ್ತದೆ. ನೆಪ್ರಾಕ್ಸೆನ್‌ನಲ್ಲಿ ಈ ಅಪಾಯವು ಕಡಿಮೆಯಾಗಿ ಕಂಡುಬಂದಿತು. ಸಾವಿರಕ್ಕೆ ಮೂರು ಎಂಬುದು ಅಲ್ಪವೆಂದು ತೋರಬಹುದು. ಕೋಟ್ಯಂತರ ಜನರು ನುಂಗುವ ಗುಳಿಗೆಯ ವಿಷಯದಲ್ಲಿ ಅದು ಅಲ್ಪವಲ್ಲ. ಈ ಅಪಾಯವು ಸೇವನೆಯ ಮೊದಲ ವಾರಗಳಲ್ಲಿಯೇ ತಲೆದೋರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2015ರಲ್ಲಿ ಎಚ್ಚರಿಸಿತು. ಅದೇ ವರ್ಷ ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಗುಳಿಗೆಗಳನ್ನು ಮಾರುವುದನ್ನು ನಿಲ್ಲಿಸಲಾಯಿತು. ಭಾರತದಲ್ಲಿಯೂ ಅದಕ್ಕೆ ಚೀಟಿ ಬೇಕೆಂಬ ನಿಯಮವಿದೆ. ಆದರೆ ಅಂಗಡಿಗಳಲ್ಲಿ ಅದು ಹಲವೊಮ್ಮೆ ಚೀಟಿಯಿಲ್ಲದೆಯೇ ಕೈಸೇರುತ್ತದೆ.

ಹೃದಯಕ್ಕೆ ಇನ್ನೊಂದು ದಾರಿಯಿಂದಲೂ ತೊಂದರೆಯುಂಟು. ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಹಾಕಲು ಪ್ರೋಸ್ಟಗ್ಲಾಂಡಿನ್‌ಗಳು ನೆರವಾಗುತ್ತವೆ. ಆ ನೆರವು ತಪ್ಪಿದಾಗ ಉಪ್ಪು, ನೀರು ದೇಹದಲ್ಲಿಯೇ ಉಳಿದು ರಕ್ತದ ಒತ್ತಡವು ಏರುತ್ತದೆ. ದುರ್ಬಲವಾದ ಹೃದಯಕ್ಕೆ ಭಾರವು ಹೆಚ್ಚುತ್ತದೆ. ಒತ್ತಡಕ್ಕೆಂದು ಸೇವಿಸುವ ಔಷಧಗಳ ಗುಣವೂ ಕುಗ್ಗುತ್ತದೆ.

ಈ ಬಳಗದಲ್ಲಿ ಆಸ್ಪಿರಿನ್ ಒಂದು ಅಪವಾದ. ಅಲ್ಪ ಪ್ರಮಾಣದಲ್ಲಿ ಅದು ಪ್ಲೇಟ್‌ಲೆಟ್‌ಗಳ ಕಿಣ್ವವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಿ, ರಕ್ತವು ನಾಳದಲ್ಲಿ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆದುದರಿಂದಲೇ ಹೃದ್ರೋಗಿಗಳಿಗೆ ಅದನ್ನು ಕೊಡುತ್ತಾರೆ. ಅಂತಹವರು ಆಸ್ಪಿರಿನ್‌ಗೆ ಮುಂಚೆ ಐಬುಪ್ರೊಫೆನ್ ನುಂಗಿದರೆ, ಅದು ಕಿಣ್ವದಲ್ಲಿ ಆಸ್ಪಿರಿನ್ ಸೇರಬೇಕಾದ ಸ್ಥಳವನ್ನು ಮೊದಲೇ ಆಕ್ರಮಿಸುತ್ತದೆ. ಹೃದಯವನ್ನು ಕಾಯಬೇಕಾದ ಔಷಧವು ವ್ಯರ್ಥವಾಗುತ್ತದೆ.

ಹಾಗೆಂದು ಈ ಗುಳಿಗೆಗಳೆಲ್ಲ ವಿಷವೆಂದು ಭಾವಿಸಬೇಕಾಗಿಲ್ಲ. ಆರೋಗ್ಯವಂತರು ಎಂದೋ ಒಮ್ಮೆ ಸೇವಿಸುವ ಒಂದೆರಡು ಗುಳಿಗೆಗಳಿಂದ ಹೃದಯಕ್ಕಾಗುವ ಅಪಾಯವು ಅತ್ಯಲ್ಪ. ಹೃದ್ರೋಗ, ರಕ್ತದ ಒತ್ತಡ, ಸಕ್ಕರೆ ರೋಗ, ಮೂತ್ರಪಿಂಡದ ತೊಂದರೆ ಉಳ್ಳವರು ಮತ್ತು ವೃದ್ಧರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಉಳಿದವರೂ ನೋವನ್ನು ತಗ್ಗಿಸುವ ಅತ್ಯಂತ ಕಡಿಮೆ ಪ್ರಮಾಣವನ್ನು ಅತ್ಯಂತ ಕಡಿಮೆ ದಿನ ಸೇವಿಸಬೇಕು. ಒಂದೇ ಔಷಧವು ಹಲವು ಹೆಸರುಗಳಲ್ಲಿ ಮಾರಾಟವಾಗುವುದರಿಂದ ಪಟ್ಟಿಯ ಮೇಲಿನ ಔಷಧದ ಹೆಸರನ್ನು ಓದಿಕೊಳ್ಳಬೇಕು. ಇಲ್ಲವಾದರೆ ಒಂದನ್ನೇ ಎರಡು ಬಾರಿ ನುಂಗಿದಂತಾದೀತು. ಗುಳಿಗೆಯನ್ನು ಸೇವಿಸುತ್ತಿರುವಾಗ ಎದೆನೋವು, ಉಸಿರುಕಟ್ಟುವಿಕೆ, ಮಾತಿನ ತೊದಲು, ಕೈಕಾಲುಗಳ ಬಲಹೀನತೆ ಕಂಡುಬಂದರೆ ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು.

ಚೀಟಿಯಿಲ್ಲದೆ ದೊರೆಯುವ ವಸ್ತುವು ನಿರಪಾಯವಾದುದೆಂಬ ನಂಬಿಕೆಗೆ ಆಧಾರವಿಲ್ಲ. ಅತಿಯಾದರೆ ಅಮೃತವೂ ವಿಷವೆಂಬ ನಾಣ್ಣುಡಿಯು ನೋವಿನ ಗುಳಿಗೆಗೂ ಸಲ್ಲುತ್ತದೆ. ದಿನದಿನವೂ ಮರುಕಳಿಸುವ ನೋವು ಗುಳಿಗೆಯಿಂದ ಅಡಗಿಸತಕ್ಕದ್ದಲ್ಲ. ಕಾರಣವನ್ನು ಅರಸಿ ಗುಣಪಡಿಸತಕ್ಕದ್ದು.