ಹೂಳಿಸಿಕೊಂಡ ದೊರೆಗಳು ಯಾರವರು?

2025ರ ಮಾರ್ಚ್‌ನಲ್ಲಿ ಔರಂಗಜೇಬನ ಗೋರಿಯ ವಿವಾದ ನಾಗಪುರದಲ್ಲಿ ಹಿಂಸೆಗೆ ತಿರುಗಿತಲ್ಲ, ಆಗ ನಮ್ಮ ಗುಲ್ವಾಡಿಯ ಗೆಳೆಯನೊಬ್ಬ ಹೇಳಿದ: "ದೊರೆಗೆ ಗೋರಿ ಕಟ್ಟುದ್ ನಮ್ ಪದ್ಧತಿಯೇ ಅಲ್ಲ ಮಾರಾಯ, ಅದ್ ಹೊರಗಿಂದ ಬಂದದ್."

ಅವನಿಗೆ ಹಾಗನ್ನಿಸಿದ್ದು ಸಹಜ. ಬಾರಕೂರಿನಲ್ಲಿ ಅಳುಪರ ಕಾಲದ ಶಾಸನ, ದೇವಸ್ಥಾನ ನೋಡುತ್ತೇವೆ, ದೊರೆಯ ಸಮಾಧಿ ನೋಡಿಲ್ಲ. ಸುಟ್ಟು ಬೂದಿಯನ್ನು ನೀರಿಗೆ ಬಿಟ್ಟರೆ ಉಳಿಯೋದೇನು?

ಆದರೆ ಅವನು ಮರೆತದ್ದು ಕೆಳದಿಯವರನ್ನು. ನಮ್ಮ ಪಕ್ಕದ ಬಸ್ರೂರನ್ನು 1650ರ ದಶಕದಲ್ಲಿ ಪೋರ್ಚುಗೀಸರಿಂದ ಕಿತ್ತುಕೊಂಡ ಶಿವಪ್ಪ ನಾಯಕ ವೀರಶೈವ. ಆ ಪರಂಪರೆಯಲ್ಲಿ ಸುಡುವುದಿಲ್ಲ. ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಹೂಳುತ್ತಾರೆ. ಘಟ್ಟ ಹತ್ತಿ ಬಿದನೂರು ನಗರಕ್ಕೆ ಹೋದರೆ ಕೊಪ್ಪಲು ಮಠದಲ್ಲಿ ಅವನ ಸಮಾಧಿ ಇದೆ. ಕಿತ್ತೂರು ಚೆನ್ನಮ್ಮನದು ಬೈಲಹೊಂಗಲದಲ್ಲಿದೆ.

ಇನ್ನೂ ತಮಾಷೆ ಮಡಿಕೇರಿಯ ಗದ್ದುಗೆಯದು. ಟಿಪ್ಪುವಿನ ವಿರುದ್ಧ ಹೋರಾಡಿದ ಲಿಂಗಾಯತ ದೊರೆ ದೊಡ್ಡ ವೀರರಾಜೇಂದ್ರ ಮಲಗಿರುವುದು ಗುಮ್ಮಟದ ಕೆಳಗೆ. ಮೂಲೆಗಳಲ್ಲಿ ಮಿನಾರುಗಳು, ಜೊತೆಗೆ ಬಸವ! ಟಿಪ್ಪು ಸೇನೆಯೊಂದಿಗೆ ಕಾದಾಡಿ ಸತ್ತ ದಂಡನಾಯಕ ಬಿದ್ದಂಡ ಬೋಪುವಿನ ಸಮಾಧಿಯೂ ಅದೇ ಆವರಣದಲ್ಲಿದೆ. ಶೈಲಿ ಯಾರ ಧರ್ಮದ್ದು ಅಂತ ಕಟ್ಟಿಸಿದವರು ತಲೆಕೆಡಿಸಿಕೊಂಡಂತೆ ಕಾಣಲ್ಲ.

ಅವರಿಗೆ ಬೇಕಾಗಿದ್ದು ಬೇರೆ. ಸಮಾಧಿಯಿಂದ ಲಾಭ ಸತ್ತವನಿಗಲ್ಲ, ಪಟ್ಟಕ್ಕೆ ಬಂದವನಿಗೆ. ಇಂಗ್ಲೆಂಡಿನಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. 1399ರಲ್ಲಿ ಎರಡನೇ ರಿಚರ್ಡ್‌ನನ್ನು ಇಳಿಸಿ ನಾಲ್ಕನೇ ಹೆನ್ರಿ ಸಿಂಹಾಸನ ಏರಿದ. ಮರುವರ್ಷ ಸೆರೆಯಲ್ಲೇ ಸತ್ತ ರಿಚರ್ಡ್‌ನನ್ನು ಕಿಂಗ್ಸ್ ಲ್ಯಾಂಗ್ಲಿ ಎಂಬ ಊರಲ್ಲಿ ಸದ್ದಿಲ್ಲದೆ ಹೂಳಲಾಯಿತು. 1413ರಲ್ಲಿ ಪಟ್ಟಕ್ಕೆ ಬಂದ ಹೆನ್ರಿಯ ಮಗ ಅದೇ ಹೆಣವನ್ನು ತೆಗೆಸಿ, ಮೆರವಣಿಗೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಗೆ ತರಿಸಿ, ರಿಚರ್ಡ್ ತಾನೇ ಮಾಡಿಸಿಟ್ಟಿದ್ದ ಗೋರಿಯಲ್ಲಿ ಇರಿಸಿದ. ಅಪ್ಪ ಕಿತ್ತುಕೊಂಡ ಕಿರೀಟಕ್ಕೆ ಮಗ ಹುಡುಕಿದ ಸಮರ್ಥನೆ ಅದು, ಬರೀ ಪಶ್ಚಾತ್ತಾಪ ಅಂತ ನನಗನ್ನಿಸಲ್ಲ.

1799ರಲ್ಲಿ ಬ್ರಿಟಿಷರೂ ಇದನ್ನೇ ಮಾಡಿದರು. ತಾವೇ ಸೋಲಿಸಿ ಕೊಂದ ಟಿಪ್ಪುವನ್ನು ಶ್ರೀರಂಗಪಟ್ಟಣದ ಗುಂಬಜಿನಲ್ಲಿ ತಂದೆ ಹೈದರಾಲಿಯ ಪಕ್ಕ ಸೇನಾ ಗೌರವದೊಂದಿಗೆ ಹೂಳಿದರು. ಮರುತಿಂಗಳೇ ಮೈಸೂರಿನ ಪಟ್ಟಕ್ಕೆ ಐದು ವರ್ಷದ ಕೃಷ್ಣರಾಜ ಒಡೆಯರನ್ನು ಕೂರಿಸಿದರು.

ಗೆಳೆಯನಿಗೆ ಗದ್ದುಗೆಯ ಫೋಟೊ ಕಳಿಸಿದೆ. "ಇದ್ ಯಾವ ಸುಲ್ತಾನಂದ್?" ಅಂತ ಕೇಳಿದ.