ಮಳೆಗಾಲಕ್ಕೆ ಮುಂಚೆ ಒಂದು ಸೂಜಿ: ಫ್ಲೂ ಲಸಿಕೆ ಹಾಕಿಸಬೇಕೇ?

ಏಪ್ರಿಲ್ ಕೊನೆ. ಕೊಂಢವಾದಲ್ಲೋ ಕ್ಯಾಂಪಿನಲ್ಲೋ ಇರುವ ಮಕ್ಕಳ ಡಾಕ್ಟರ ಬಳಿ ಮಗುವನ್ನು ಕರೆದುಕೊಂಡು ಹೋಗಿದ್ದೀರಿ ಅಂದುಕೊಳ್ಳಿ. ಮಗುವಿನ ಕಾರ್ಡು ನೋಡಿ ಡಾಕ್ಟರು, "ಮಳೆ ಶುರುವಾಗೋ ಮುಂಚೆ ಫ್ಲೂ ಇಂಜೆಕ್ಷನ್ ಹಾಕಿಸಿಬಿಡಿ" ಎನ್ನುತ್ತಾರೆ. ನೀವು ರೇಟು ಕೇಳುತ್ತೀರಿ. ಒಂದು ಸೂಜಿಗೆ ಸಾವಿರದ ಮೇಲೆ. ಮನೆಯಲ್ಲಿ ಇಬ್ಬರು ಮಕ್ಕಳು, ಹೆಂಡತಿ, ವಿಜಯಪುರದಿಂದ ಬಂದು ನಿಮ್ಮ ಜೊತೆ ಇರುವ ಅಮ್ಮ, ಮತ್ತೆ ನೀವು. ತಲೆಯಲ್ಲೇ ಗುಣಾಕಾರ ಮುಗಿಯುತ್ತದೆ. "ಮುಂದಿನ ತಿಂಗಳು ನೋಡೋಣ" ಎಂದು ಎದ್ದು ಬರುತ್ತೀರಿ. ಮುಂದಿನ ತಿಂಗಳು ಸ್ಕೂಲಿನ ಫೀಸು, ಅದರ ಮುಂದಿನ ತಿಂಗಳು ಮಳೆ.

ನಾನೂ ಕೆಲವು ವರ್ಷ ಹೀಗೇ ಮುಂದೂಡಿದವನು. ಆದ್ದರಿಂದ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಆದರೆ ಈ ಊರಿನಲ್ಲಿದ್ದು ಫ್ಲೂವನ್ನು "ಬರೀ ನೆಗಡಿ" ಎಂದು ತಳ್ಳಿಹಾಕುವುದು ಕಷ್ಟ. ಯಾಕೆಂದರೆ ಹಂದಿ ಜ್ವರ ಎಂದು ಹೆಸರಾದ ಎಚ್1ಎನ್1 ಫ್ಲೂವಿನಿಂದ ಭಾರತದಲ್ಲಿ ಮೊದಲ ಸಾವು ಆದದ್ದು ಇಲ್ಲೇ, ಪುಣೆಯಲ್ಲಿ, 2009ರ ಆಗಸ್ಟ್ 3ರಂದು. ತೀರಿಕೊಂಡವಳು ಶಾಲೆಗೆ ಹೋಗುತ್ತಿದ್ದ 14 ವರ್ಷದ ಹುಡುಗಿ, ನಮ್ಮದೇ ಸಮುದಾಯದ ಮಗಳು. ಮುಂದಿನ ಕೆಲವು ದಿನ ಊರು ಗುರುತು ಸಿಗದಂತಾಯಿತು. ಶಾಲೆ ಕಾಲೇಜುಗಳಿಗೆ ರಜೆ ಕೊಟ್ಟರು, ಸಿನೆಮಾ ಥೇಟರು ಮುಚ್ಚಿಸಿದರು. ಮಾಸ್ಕು ಸಿಗದವರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಓಡಾಡಿದರು. ನಾಯ್ಡು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮುಂದೆ ತಪಾಸಣೆಗೆ ಉದ್ದದ ಸಾಲು. ಕೊರೊನಾ ಕಾಲದ ನೋಟಗಳನ್ನು ಪುಣೆಯವರು ಹನ್ನೊಂದು ವರ್ಷ ಮೊದಲೇ ಸಣ್ಣ ಪ್ರಮಾಣದಲ್ಲಿ ನೋಡಿಬಿಟ್ಟಿದ್ದರು ಎನ್ನಬಹುದು.

ಆ ವೈರಸ್ ನಂತರ ಎಲ್ಲಿಗೂ ಹೋಗಲಿಲ್ಲ. ಪ್ರತಿ ವರ್ಷ ಬಂದು ಹೋಗುವ ಫ್ಲೂಗಳ ಸಾಲಿಗೆ ಅದೂ ಸೇರಿಕೊಂಡಿತು. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಜನರಿಗೆ ಎಚ್1ಎನ್1 ಇರುವುದು ಪರೀಕ್ಷೆಯಲ್ಲಿ ಖಚಿತವಾಯಿತು, ಮೂರು ಸಾವಿರದ ಹತ್ತಿರ ಜನ ತೀರಿಕೊಂಡರು. 2023ರ ಮಾರ್ಚಿನಲ್ಲಿ ಅದರ ದಾಯಾದಿ ಎಚ್3ಎನ್2 ಸುದ್ದಿಯಾಯಿತು. ಆಗ ಕರ್ನಾಟಕದಲ್ಲಿ ವರದಿಯಾದ ಮೊದಲ ಸಾವು ಹಾಸನ ಜಿಲ್ಲೆಯ 82 ವರ್ಷದ ಹಿರಿಯರದು. ಅವರಿಗೆ ಸಕ್ಕರೆ ಕಾಯಿಲೆಯೂ ಬಿಪಿಯೂ ಇತ್ತು. ಈ ವಿವರ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಮೂಗು ಸೋರಿದರೂ ಫ್ಲೂ ಅಂತೀವಿ, ಗಂಟಲು ಕೆರೆದರೂ ಫ್ಲೂ ಅಂತೀವಿ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚಿವೆ. ಫ್ಲೂ ಎಂದರೆ ಇನ್‌ಫ್ಲುಯೆಂಜಾ ಎಂಬ ಒಂದೇ ಕುಟುಂಬದ ವೈರಸ್. ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆಗೆ ಸುಡುವ ಜ್ವರ, ಮೈಕೈ ಮುರಿದಂತೆ ನೋವು, ಒಣ ಕೆಮ್ಮು, ಹಾಸಿಗೆಯಿಂದ ಏಳಲಾಗದ ಸುಸ್ತು ಬಂದರೆ ಅದು ಫ್ಲೂ ಇರಬಹುದು. ಗಟ್ಟಿಮುಟ್ಟಾದವರು ಒಂದು ವಾರದಲ್ಲಿ ಎದ್ದು ಕೂರುತ್ತಾರೆ. ಉಳಿದವರಲ್ಲಿ ಕೆಲವರಿಗೆ ಅದು ಎದೆಗೆ ಇಳಿದು ನ್ಯುಮೋನಿಯಾ ಆಗುತ್ತದೆ. ಸಕ್ಕರೆ ಕಾಯಿಲೆಯವರ ಶುಗರ್ ಹತೋಟಿ ತಪ್ಪುತ್ತದೆ. ಫ್ಲೂ ಬಂದ ಮೊದಲ ವಾರದಲ್ಲಿ ಹೃದಯಾಘಾತದ ಸಾಧ್ಯತೆ ಹಲವು ಪಟ್ಟು ಹೆಚ್ಚುತ್ತದೆ ಎಂದೂ ಅಧ್ಯಯನಗಳು ತೋರಿಸಿವೆ. ಮನೆಯ ಹಿರಿಯರು ಹಾರ್ಟ್ ಅಟ್ಯಾಕಿನಿಂದ ಹೋದರು ಎನ್ನುತ್ತೇವೆ, ಅದಕ್ಕೆ ನಾಲ್ಕು ದಿನ ಮುಂಚೆ ಬಂದಿದ್ದ ಜ್ವರ ಯಾರಿಗೂ ನೆನಪಿರುವುದಿಲ್ಲ.

"ಒಂದು ಸಲ ಹಾಕಿಸಿದ್ರೆ ಸಾಲದಾ? ಪೋಲಿಯೋದು ಪ್ರತಿ ವರ್ಷ ಹಾಕ್ತಾರಾ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ವೈರಸ್ ತನ್ನ ಹೊರಮೈಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗುತ್ತದೆ. ಹೋದ ವರ್ಷ ಅದರ ಮುಖ ನೋಡಿ ಗುರುತಿಟ್ಟುಕೊಂಡ ನಿಮ್ಮ ದೇಹಕ್ಕೆ ಈ ವರ್ಷ ಅದು ಅಪರಿಚಿತ. ಜೊತೆಗೆ ಲಸಿಕೆಯಿಂದ ಬಂದ ಶಕ್ತಿಯೂ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು, ಯಾವ ಯಾವ ತಳಿಗಳನ್ನು ಲಸಿಕೆಗೆ ಸೇರಿಸಬೇಕು ಎಂದು ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಕಳಿಸುವ ಮಾಹಿತಿಯ ಮೇಲೆ ಈ ತೀರ್ಮಾನ ನಿಲ್ಲುತ್ತದೆ. ಅವುಗಳಲ್ಲಿ ಒಂದು ನಮ್ಮೂರಲ್ಲೇ ಇದೆ, ರಾಷ್ಟ್ರೀಯ ವೈರಾಣು ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐವಿ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು.

ಇಲ್ಲಿ ನಮ್ಮ ದೇಶದ್ದೇ ಒಂದು ವಿಶೇಷ ಇದೆ. ನಕ್ಷೆಯಲ್ಲಿ ನಾವು ಉತ್ತರ ಗೋಳಾರ್ಧದವರು. ಆದರೆ ಪುಣೆಯಲ್ಲೂ ಕರ್ನಾಟಕದಲ್ಲೂ ಫ್ಲೂ ಏರುವುದು ಹೆಚ್ಚಾಗಿ ಮಳೆಯ ಜೊತೆಗೆ, ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಕೆಲವು ವರ್ಷ ಜನವರಿಯಿಂದ ಮಾರ್ಚಿನಲ್ಲಿ ಇನ್ನೊಂದು ಅಲೆ. ಯುರೋಪು, ಅಮೆರಿಕದಂತೆ ಅಕ್ಟೋಬರಿನಲ್ಲಿ ಹಾಕಿಸುವ ಪದ್ಧತಿ ಚಳಿಗಾಲದಲ್ಲಿ ಫ್ಲೂ ಬರುವ ಶ್ರೀನಗರಕ್ಕೆ ಸರಿ. ನಮಗೆ ಮಳೆಗಾಲದ ಮುಂಚೆ, ಏಪ್ರಿಲ್ ಮೇ ತಿಂಗಳೇ ಸೂಕ್ತ ಎಂದು ಎನ್‌ಐವಿಯ ವಿಜ್ಞಾನಿಗಳು ಸೇರಿ ಮಾಡಿದ ಅಧ್ಯಯನಗಳು ಹೇಳಿವೆ. ಸೂಜಿ ಹಾಕಿದ ಮೇಲೆ ದೇಹ ತಯಾರಾಗಲು ಸುಮಾರು ಎರಡು ವಾರ ಬೇಕು. ಪಕ್ಕದ ಮನೆಯವರು ಅಡ್ಮಿಟ್ ಆದ ಮೇಲೆ ಓಡಿಹೋಗಿ ಹಾಕಿಸಿದರೆ ಪ್ರಯೋಜನ ಇಲ್ಲ ಅಂತಲ್ಲ, ತಡ ಅಷ್ಟೇ.

ಈಗ ಮುಖ್ಯ ಪ್ರಶ್ನೆ. ಇದು ಕೆಲಸ ಮಾಡುತ್ತದೆಯೇ?

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ದಡಾರದ ಲಸಿಕೆಯಷ್ಟು ಇದು ಗಟ್ಟಿಯಲ್ಲ. ಲಸಿಕೆಯಲ್ಲಿರುವ ತಳಿಗೂ ಊರಲ್ಲಿ ಹರಡಿರುವ ತಳಿಗೂ ಹೊಂದಿಕೆಯಾದ ವರ್ಷ, ಡಾಕ್ಟರ ಬಳಿ ಹೋಗಬೇಕಾಗುವಷ್ಟು ಫ್ಲೂ ಬರುವ ಸಾಧ್ಯತೆಯನ್ನು ಶೇಕಡ 40ರಿಂದ 60ರಷ್ಟು ತಗ್ಗಿಸುತ್ತದೆ. ಹೊಂದಿಕೆಯಾಗದ ವರ್ಷ ಅದಕ್ಕಿಂತ ಕಡಿಮೆ. ವಯಸ್ಸಾದವರಲ್ಲಿ ಇನ್ನೂ ಕಡಿಮೆ ಇರಬಹುದು. ಹಾಗಾದರೆ ಯಾಕೆ ಹಾಕಿಸಬೇಕು? ಲಸಿಕೆ ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ಐಸಿಯು ತನಕ ಹೋಗುವುದು ಕಡಿಮೆ. ನನ್ನ ಮಟ್ಟಿಗೆ ತೂಕ ಇರುವುದು ಈ ಮಾತಿಗೆ. ಪುಣೆಯ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಒಂದು ದಿನದ ಬಿಲ್ಲು ನೋಡಿದವರಿಗೆ ಸೂಜಿಯ ರೇಟು ದುಬಾರಿ ಅನಿಸುವುದಿಲ್ಲ.

ಆದರೂ ಎಲ್ಲರಿಗೂ ಹಾಕಿಸಲು ಕೈಯಲ್ಲಿ ದುಡ್ಡಿಲ್ಲ ಅಂದುಕೊಳ್ಳೋಣ. ಯಾರಿಗೆ ಮೊದಲು? ಹಾಸನದ ಆ ಹಿರಿಯರನ್ನು ನೆನಪಿಸಿಕೊಳ್ಳಿ. ಮನೆಯಲ್ಲಿರುವ ಅಮ್ಮನಿಗೆ ಅರವತ್ತೈದು ದಾಟಿದ್ದರೆ, ಅಥವಾ ಯಾವ ವಯಸ್ಸಿನವರಿಗೇ ಆಗಲಿ ಸಕ್ಕರೆ, ಅಸ್ತಮಾ, ಹೃದಯ ಅಥವಾ ಕಿಡ್ನಿಯ ತೊಂದರೆ ಇದ್ದರೆ, ಅವರಿಗೆ ಮೊದಲು. ಬಸುರಿ ಇದ್ದರೆ ಅವರೂ ಅದೇ ಸಾಲಿನಲ್ಲಿ. 2009ರಿಂದ ಈಚೆಗೆ ಎಚ್1ಎನ್1 ಗರ್ಭಿಣಿಯರನ್ನು ವಿಶೇಷವಾಗಿ ಕಾಡಿದೆ. ಅವರಿಗೆ ಹಾಕಿದರೆ ಇನ್ನೊಂದು ಲಾಭವೂ ಇದೆ. ಆರು ತಿಂಗಳ ಒಳಗಿನ ಶಿಶುವಿಗೆ ಈ ಲಸಿಕೆ ಹಾಕುವಂತಿಲ್ಲ, ತಾಯಿಯಿಂದ ಹೊಟ್ಟೆಯಲ್ಲೇ ಬಂದ ರಕ್ಷಣೆಯೇ ಅದಕ್ಕೆ ಆಸರೆ. ಆಮೇಲೆ ಐದು ವರ್ಷದೊಳಗಿನ ಮಕ್ಕಳು. ಎಂಟು ವರ್ಷದವರೆಗಿನ ಮಗುವಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು ಬೇಕು, ಮುಂದಿನ ವರ್ಷದಿಂದ ಒಂದೇ. ದವಾಖಾನೆಯಲ್ಲಿ ನರ್ಸ್, ವಾರ್ಡ್‌ಬಾಯ್ ಆಗಿ ದುಡಿಯುವವರು ಮನೆಯಲ್ಲಿದ್ದರೆ ಅವರಿಗೂ ಬೇಕೇ ಬೇಕು. ಮೂವತ್ತರ ಆರೋಗ್ಯವಂತ ಗಂಡಸು ನೀವಾಗಿದ್ದರೆ ಕೊನೆಯ ಸರದಿ ನಿಮ್ಮದು. ಆದರೆ ಆಫೀಸಿನಿಂದ ಫ್ಲೂವನ್ನು ಮನೆಗೆ ಹೊತ್ತು ತರುವವರೂ ನೀವೇ ಎಂಬುದು ಮರೆಯಬೇಡಿ.

ಈ ಲಸಿಕೆ ಸರಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಆದರೆ ಮಹಾರಾಷ್ಟ್ರದಲ್ಲಿ 2015ರ ಹಾವಳಿಯ ನಂತರ ಗರ್ಭಿಣಿಯರು ಮತ್ತು ಅಪಾಯ ಹೆಚ್ಚಿರುವವರಿಗೆ ಸರಕಾರಿ ದವಾಖಾನೆಗಳಲ್ಲಿ ಉಚಿತವಾಗಿ ಕೊಡುವ ಏರ್ಪಾಡು ಮಾಡಿದರು. ನಿಮ್ಮ ವಾರ್ಡಿನ ಮಹಾನಗರಪಾಲಿಕೆ ದವಾಖಾನೆಯಲ್ಲಿ ಸ್ಟಾಕ್ ಇದೆಯೇ ಎಂದು ಒಮ್ಮೆ ಕೇಳಿ, ಕೇಳಲಿಕ್ಕೆ ಕಾಸು ಬೇಡವಲ್ಲ.

ಇನ್ನು ನಮ್ಮ ಮನೆಗಳಲ್ಲಿ ಕೇಳಿಬರುವ ಅನುಮಾನಗಳು. "ಸೂಜಿ ಹಾಕಿಸಿಕೊಂಡ ಮೇಲೇ ನನಗೆ ಫ್ಲೂ ಬಂತು" ಎನ್ನುವವರು ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ಸೂಜಿಯಲ್ಲಿರುವುದು ಸತ್ತ ವೈರಸ್ಸಿನ ತುಣುಕುಗಳು, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ಅದೇ ವಾರ ಬೇರೆ ಯಾವುದೋ ನೆಗಡಿ ತಗಲಿದರೆ ದೂರು ಸೂಜಿಯ ಮೇಲೆ. ಗಂಭೀರ ತೊಂದರೆಯೇ ಇಲ್ಲ ಎಂದರೆ ಅದು ಸುಳ್ಳಾಗುತ್ತದೆ. ನರಗಳನ್ನು ದುರ್ಬಲಗೊಳಿಸುವ ಗಿಲ್ಲನ್ ಬಾರಿ ಎಂಬ ಕಾಯಿಲೆ ಹತ್ತು ಲಕ್ಷ ಡೋಸುಗಳಿಗೆ ಒಂದೆರಡು ಹೆಚ್ಚಾಗಬಹುದು ಎಂಬ ಲೆಕ್ಕ ಇದೆ. ಫ್ಲೂ ಬಂದರೂ ಆ ಕಾಯಿಲೆ ಬರಬಹುದು. ಹಿಂದೆ ಅದು ಬಂದಿದ್ದವರು, ಹಿಂದಿನ ಫ್ಲೂ ಸೂಜಿಗೆ ತೀವ್ರ ಅಲರ್ಜಿ ಆದವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು.

ಹಲಾಲ್ ಪ್ರಶ್ನೆ ಕೇಳುವವರನ್ನು ನಕ್ಕು ಸುಮ್ಮನಾಗಿಸುವುದು ಸರಿಯಲ್ಲ. ಹೆಚ್ಚಿನ ಫ್ಲೂ ಲಸಿಕೆಗಳನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಹಂದಿಯ ಜೆಲಟಿನ್ ಚರ್ಚೆ ಎದ್ದದ್ದು ಮುಖ್ಯವಾಗಿ ಬ್ರಿಟನ್ನಿನಲ್ಲಿ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಲಸಿಕೆಯ ವಿಷಯದಲ್ಲಿ. ಅಲ್ಲಿ ಬೇಡವೆಂದ ಪೋಷಕರಿಗೆ ಜೆಲಟಿನ್ ಇಲ್ಲದ ಸೂಜಿಯ ದಾರಿ ಇದೆ. ರೂಪಾಂತರಗೊಂಡ ಜೆಲಟಿನ್ ಬಳಸಬಹುದು ಎಂದು 1995ರಲ್ಲಿ ಕುವೈತಿನಲ್ಲಿ ಸೇರಿದ್ದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದರು, ಒಪ್ಪದವರೂ ಇದ್ದಾರೆ. ನೀವು ಮಾಡಬಹುದಾದ ಸರಳ ಕೆಲಸ ಎಂದರೆ ಪೆಟ್ಟಿಗೆಯೊಳಗಿನ ಚೀಟಿಯನ್ನು ಕೇಳಿ ಓದುವುದು, ಪದಾರ್ಥಗಳ ಪಟ್ಟಿ ಅದರಲ್ಲೇ ಇರುತ್ತದೆ. ರಂಝಾನಿನಲ್ಲಿ ಉಪವಾಸವಿದ್ದು ಹಾಕಿಸಿಕೊಂಡರೆ, ಪೋಷಣೆ ನೀಡದ ಇಂಜೆಕ್ಷನ್ನಿನಿಂದ ರೋಝಾ ಮುರಿಯುವುದಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮನಸ್ಸು ಒಪ್ಪದಿದ್ದರೆ ಇಫ್ತಾರ್ ಆದ ಮೇಲೆ ಹೋಗಿ. ಹಜ್ಜಿಗೆ ಹೊರಟ ಹಿರಿಯರಿಗೆ ನಮ್ಮ ಹಜ್ ಶಿಬಿರಗಳಲ್ಲೇ ಮೆನಿಂಜೈಟಿಸ್ ಲಸಿಕೆಯ ಜೊತೆ ಇದನ್ನೂ ಹಾಕುತ್ತಾರೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

"ಬರೆದದ್ದು ಬಂದೇ ಬರುತ್ತೆ" ಎನ್ನುವ ಅಜ್ಜಿಯರಿಗೆ ಖಲೀಫಾ ಉಮರ್‌ರ (ರ) ಪ್ರಸಂಗ ಹೇಳಿ. ಸಿರಿಯಾದಲ್ಲಿ ಪ್ಲೇಗ್ ಎಂದು ತಿಳಿದು ಅವರು ದಾರಿಯಿಂದಲೇ ಹಿಂತಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ ಕೇಳಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂದು ಉತ್ತರಿಸಿದರು.

ನಮಗೆ ಹತ್ತಿರದ ಇನ್ನೊಂದು ಕಥೆಯೂ ಇದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಸರಕಾರ ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ಜನ ರೊಚ್ಚಿಗೆದ್ದರು, ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅದೇ ಕಾಲದಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ತಯಾರಿಸಿದ ಪ್ಲೇಗ್ ಲಸಿಕೆಯ ಬಗ್ಗೆ ನೂರೆಂಟು ವದಂತಿ. ಇಪ್ಪತ್ತರ ಆಸುಪಾಸಿನ ಯುವಕ, ಮೂರನೇ ಆಗಾ ಖಾನ್, ತಮ್ಮ ಅನುಯಾಯಿಗಳ ಎದುರಲ್ಲೇ ಕೈ ಚಾಚಿ ಸೂಜಿ ಹಾಕಿಸಿಕೊಂಡರು. ಹಾಫ್ಕಿನ್‌ರ ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. ಪುಣೆಯ ಆಗಾ ಖಾನ್ ಅರಮನೆ ಕಟ್ಟಿಸಿದವರೂ ಅವರೇ. ಮರುವರ್ಷ, 1898ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದೇ ಲಸಿಕೆ ಹಾಕಿಸಿಕೊಂಡರು. ಬಂದೂಕು ತೋರಿಸಿದ ಕಡೆ ಜನ ಬಾಗಿಲು ಹಾಕಿಕೊಂಡರು, ತಮ್ಮವರೊಬ್ಬರು ತೋಳು ತೋರಿಸಿದ ಕಡೆ ಸಾಲು ನಿಂತರು.

ಹಾಕಿಸುವುದೆಂದು ನಿರ್ಧರಿಸಿದರೆ, ಪೆಟ್ಟಿಗೆಯ ಮೇಲೆ ಯಾವ ವರ್ಷದ್ದು, ಯಾವ ಗೋಳಾರ್ಧದ್ದು ಎಂದು ನೋಡಿ. ಮೇ ತಿಂಗಳಿನಲ್ಲಿ ಆ ವರ್ಷದ ದಕ್ಷಿಣ ಗೋಳಾರ್ಧದ ಲಸಿಕೆ ಸಿಗಬೇಕು. ಹಳೆಯ ಸ್ಟಾಕ್ ದಾಟಿಸಲು ನೋಡಿದರೆ ಬೇಡವೆನ್ನಿ. "ನಾಲ್ಕು ತಳಿಯದ್ದೇ ಬೇಕು" ಎಂದು ಹಠ ಹಿಡಿಯಬೇಡಿ. ಬಿ ಯಾಮಾಗಾಟಾ ಎಂಬ ನಾಲ್ಕನೆಯ ತಳಿ 2020ರ ಮಾರ್ಚಿನ ನಂತರ ಎಲ್ಲೂ ಖಚಿತವಾಗಿ ಕಂಡಿಲ್ಲ, ಅದನ್ನು ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮೆಡಿಕಲ್ ಶಾಪಿನಿಂದ ಕೊಂಡು ಡಾಕ್ಟರ ಬಳಿ ಒಯ್ಯುವುದಾದರೆ ಐಸ್ ಪ್ಯಾಕಿನಲ್ಲಿ ಒಯ್ಯಿರಿ, ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ವಸ್ತು. ಫ್ರೀಜರಿಗೆ ಮಾತ್ರ ಹಾಕಬೇಡಿ.

ಹಾಕಿಸಿದ ಮೇಲೂ ಮಳೆಗಾಲದಲ್ಲಿ ಅಮ್ಮನಿಗೆ ಜೋರು ಜ್ವರ ಬಂದು ಉಸಿರು ಕಟ್ಟಿದಂತಾದರೆ "ಲಸಿಕೆ ಹಾಕಿಸಿದೀವಲ್ಲ" ಎಂದು ಕಾಯಬೇಡಿ. ಫ್ಲೂವಿಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದಾಗ.