ಯಾವ ಸ್ಲೇಟಿಗೆ ಯಾವ ಪಾಠ?

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮಕ್ಕಳು ಶಾಲೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ ಆಡಿ ಮನೆಗೆ ಬರುತ್ತಾರೆ. ಕನ್ನಡದ ಪಾಲಿಗೆ ಉಳಿಯುವುದು ಊಟದ ಹೊತ್ತು ಮತ್ತು ಭಾನುವಾರ. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಅಂತರ್ಜಾಲವನ್ನೇರಿದ ಮೇಲೆ, ಭಾನುವಾರದ ಕನ್ನಡ ಪಾಠವೂ ಅನೇಕ ಮನೆಗಳಲ್ಲಿ ಪರದೆಯ ಮೇಲೆ ಮೂಡತೊಡಗಿತು. ದೂರದ ಬಡಾವಣೆಯ ಮಕ್ಕಳಿಗೂ ಅಕ್ಷರ ದೊರೆಯುವಂತಾದುದು ಸಂತೋಷದ ಸಂಗತಿಯೇ ಸರಿ.

ಆದರೆ ಒಂದು ಮನೆಯಲ್ಲಿ ಮಗುವಿನ ಮುಂದೆ ಲ್ಯಾಪ್‌ಟಾಪು; ಇನ್ನೊಂದರಲ್ಲಿ ತಂದೆಯ ಮೊಬೈಲೊಂದನ್ನೇ ಅಣ್ಣ ತಂಗಿ ಇಬ್ಬರೂ ಹಂಚಿಕೊಳ್ಳಬೇಕು. ಪಾಠ ಮಾತ್ರ ಎಲ್ಲರಿಗೂ ಒಂದೇ! ನಾಲ್ಕು ವಾರಗಳಲ್ಲಿ ಮೊಬೈಲಿನ ಮಗು ಹಿಂದೆ ಬೀಳುತ್ತದೆ. "ಇವನಿಗೆ ಕನ್ನಡದಲ್ಲಿ ಆಸಕ್ತಿಯೇ ಇಲ್ಲ" ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಕುಂದು ಮಗುವಿನದೋ, ಪಾಠದ ಅಳತೆಯದೋ ಎಂದು ನಾವು ತುಸು ವಿಚಾರಿಸಬೇಡವೇ?

ಮೊದಲು ಅಕ್ಷರವನ್ನೇ ನೋಡೋಣ. ದ–ಧ, ಡ–ಢ, ಪ–ಫ ಈ ಜೋಡಿಗಳಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಅಂತರ ಬುಡದಲ್ಲಿನ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರವೋ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂರುತ್ತದೆ. ಕಾಗದದ ಅಳತೆಗೆ ಹೊಂದಿಸಿದ ಪುಟ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಂಗೈಯಗಲದ ಪರದೆಯಲ್ಲಿ ಆ ಸೀಳು ಮಾಯ. ಹಿಗ್ಗಿಸಿದರೆ ಸಾಲಿನ ಅರ್ಧ ಹೊರಗೆ! ಆದುದರಿಂದ ಮೊಬೈಲಿಗೆಂದು ಪುಟಕ್ಕೆ ನಾಲ್ಕೇ ಪದಗಳನ್ನು ದಪ್ಪಕ್ಷರದಲ್ಲಿ ಕೊಡುವುದು ಲೇಸು.

ಎರಡನೆಯದು ಆಟ. ಹತ್ತು ಪದಗಳನ್ನು ಹತ್ತು ಚಿತ್ರಗಳ ಬಳಿಗೆ ಎಳೆದು ಜೋಡಿಸುವುದು ಮೌಸಿಗೆ ಸುಲಭ. ಮೊಬೈಲಿನಲ್ಲಾದರೋ ಎಳೆಯುವ ಬೆರಳೇ ಪದವನ್ನು ಮುಚ್ಚುತ್ತದೆ. ಅಲ್ಲಿ ಒಂದು ಚಿತ್ರ, ಅದರ ಕೆಳಗೆ ಮೂರು ಪದ, ಸರಿಯಾದುದನ್ನು ಮುಟ್ಟುವುದು—ಇಷ್ಟು ಸಾಕು. ಮೌಸಿನ ಬಾಣ ನಿಲ್ಲಿಸಿದಾಗ ಅರ್ಥ ಮೂಡುವ ಏರ್ಪಾಡೂ ಬೆರಳಿಗೆ ಒಗ್ಗದು. ಅರ್ಥವನ್ನು ಪದದ ಕೆಳಗೇ ಬರೆದುಬಿಡಬೇಕು.

ಮೂರನೆಯದು ಬರವಣಿಗೆ. ಕಂಪ್ಯೂಟರಿನ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ 'ಅಕ್ಕ' ಎಂದು ಬರೆಯಲು ಅ, ಕ, ಆಮೇಲೆ ಅರ್ಧಾಕ್ಷರದ ಚಿಹ್ನೆ, ಮತ್ತೆ ಕ ಒತ್ತಬೇಕು. ಒತ್ತಕ್ಷರ ಹುಟ್ಟುವ ಬಗೆ ಮಗುವಿಗೆ ತಾನಾಗಿ ತಿಳಿಯುತ್ತದೆ. ಮೊಬೈಲಾದರೋ ಒಂದೆರಡು ಅಕ್ಷರ ಒತ್ತುವಷ್ಟರಲ್ಲಿ ಇಡೀ ಪದವನ್ನೇ ಮುಂದೆ ಹಿಡಿಯುತ್ತದೆ. ಮಗು ಆರಿಸುತ್ತದೆ, ಕಲಿಯುವುದಿಲ್ಲ. ಈ ಸೂಚನೆಯನ್ನು ನಿಲ್ಲಿಸಿಡಬಹುದು. ಅದಕ್ಕಿಂತ ಮೇಲಾದ ಉಪಾಯವೆಂದರೆ ಪೆನ್ಸಿಲು ಹಿಡಿದು ಕಾಪಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೋ ತೆಗೆದು ಕಳುಹಿಸುವುದು. ಟ್ಯಾಬ್ಲೆಟ್ಟು ಇದ್ದವರು ಅಗಲವಾದ ಪರದೆಯ ಮೇಲೆ ಬೆರಳಿನಿಂದಲೇ ಅಕ್ಷರ ತಿದ್ದಿಸಬಹುದು.

ಹಾಗೆಂದು ಮೊಬೈಲು ಕೀಳೆಂದು ಯಾರೂ ತಿಳಿಯಬಾರದು. ಮಾತು ಕಲಿಸುವುದರಲ್ಲಿ ಅದೇ ಮುಂದು. ಲ್ಯಾಪ್‌ಟಾಪು ಮೇಜು ಬಿಟ್ಟು ಏಳದು. ಮೊಬೈಲು ಅಡುಗೆಮನೆಗೂ ಬರುತ್ತದೆ. ಸೌಟು, ತುರಿಮಣೆ, ಒರಳು, ಜರಡಿ—ಒಂದೊಂದರ ಫೋಟೋ ತೆಗೆದು ಮಗು ಅದರ ಹೆಸರನ್ನು ತನ್ನ ದನಿಯಲ್ಲಿ ಹೇಳಲಿ. ಊರಿನ ಅಜ್ಜಿಯನ್ನು ಸಾರು ಮಾಡುವ ಕ್ರಮ ಕೇಳಿ, ಅವರ ಮಾತನ್ನು ಮುದ್ರಿಸಿಕೊಂಡು ತರಗತಿಗೆ ಕೇಳಿಸಲಿ. ಇಂಥ ಪಾಠ ಯಾವ ಪುಸ್ತಕದಲ್ಲಿ ಸಿಕ್ಕೀತು?

ಕಛೇರಿಯಲ್ಲಿ ದಿನವೆಲ್ಲ ನಮೂನೆ ತುಂಬಿಸುವ ನಮ್ಮಂಥವರಿಗೆ ಒಂದು ಅನುಭವವುಂಟು: ಎಲ್ಲ ಅರ್ಜಿದಾರರಿಗೂ ಒಂದೇ ನಮೂನೆ ಹೊಂದುವುದಿಲ್ಲ. ಪಾಠ ಆರಂಭಿಸುವ ಮೊದಲು ಪ್ರತಿ ಮನೆಯಲ್ಲಿ ಯಾವ ಸಾಧನವಿದೆ, ಎಷ್ಟು ಮಕ್ಕಳು ಅದನ್ನು ಹಂಚಿಕೊಳ್ಳುತ್ತಾರೆ, ಯಾವ ಹೊತ್ತಿನಲ್ಲಿ ಅದು ಬಿಡುವಾಗಿರುತ್ತದೆ ಎಂದು ಸಂಘದವರು ಕೇಳಿ ಬರೆದುಕೊಳ್ಳಲಿ. ಭಾನುವಾರವೂ ಕೆಲಸಕ್ಕೆ ಹೋಗುವ ತಂದೆಯ ಮೊಬೈಲು ಬೆಳಗಿನ ಹತ್ತು ಗಂಟೆಗೆ ಮಗುವಿನ ಕೈಗೆ ಬಾರದು. ಆ ಮಗುವಿಗೆ ಐದು ನಿಮಿಷದ ಧ್ವನಿಪಾಠ ಕಳುಹಿಸಿ, ಉತ್ತರಕ್ಕೆ ರಾತ್ರಿಯವರೆಗೆ ಅವಕಾಶ ಕೊಡಬೇಕು.

ಪಾಠ ಸಿದ್ಧಪಡಿಸುವ ಬಂಧು ಭಗಿನಿಯರು ಅದನ್ನು ಕಳುಹಿಸುವ ಮುನ್ನ, ತಮಗೆ ದೊರೆಯುವ ಅತಿ ಚಿಕ್ಕ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಲಿ ಎಂಬುದೇ ನಮ್ಮ ಬಿನ್ನಹ.